ತೋಟದ ಆದಾಯವೂ ಜೀವರಕ್ಷಣೆಯೂ: ವಯನಾಡಿನ ಕಾಫಿ–ಮೆಣಸಿನ ಬೆಳೆಗಾರರಿಗಾಗಿ ಒಂದು ಅಧ್ಯಯನ



ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಸಿದ್ಧಾಂತ, ಪುರಾಣ, ಕ್ಷೇತ್ರ ಪರಿಚಯಗಳ ಲೇಖನಗಳು ವಿದ್ವಾಂಸರಿಂದ ಬರುವುದು ವಾಡಿಕೆ. ಮೆಟ್ರಿಕ್‌ವರೆಗೆ ಓದಿ ಕಾಫಿ, ಕರಿಮೆಣಸಿನ ವ್ಯಾಪಾರದಲ್ಲಿಯೇ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆದ ನನ್ನಂಥವನಿಗೆ ಆ ವಿಷಯಗಳಲ್ಲಿ ಅಧಿಕಾರವಿಲ್ಲ. ಆದುದರಿಂದ ನಾನು ಬಲ್ಲ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಮ್ಮ ಸಮಾಜದ ಅನೇಕ ಮನೆಗಳ ಅನ್ನ ಬರುವುದು ವಯನಾಡಿನ ತೋಟಗಳಿಂದ. ಬೆಂಗಳೂರು, ಚೆನ್ನೈ, ಕೋಯಿಕ್ಕೋಡುಗಳಲ್ಲಿ ನೆಲೆಸಿ, ಮಲಯಾಳ, ತಮಿಳು, ತುಳುಗಳಲ್ಲಿ ವ್ಯವಹರಿಸುವ ಕುಟುಂಬಗಳಿಗೂ ಇಲ್ಲಿ ಎರಡು ಮೂರು ಎಕರೆಯ ಪಾಲು ಉಳಿದಿರುವುದುಂಟು. ಅವರಿಗೂ ತಿಳಿಯಲೆಂದು ಮರಗಳ ಮಲಯಾಳ ಹೆಸರುಗಳನ್ನು ಅಲ್ಲಲ್ಲಿ ಕೊಟ್ಟಿದ್ದೇನೆ.

ಈಗ ಈ ವಿಷಯವನ್ನು ಎತ್ತಲು ಕಾರಣವಿದೆ. 2024ರಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಕಾಫಿಯ ದರ ಟನ್ನಿಗೆ 5000 ಡಾಲರನ್ನು ದಾಟಿತು. ಅಂದಿನಿಂದ ಅಂಗಡಿಗೆ ಬರುವ ಬೆಳೆಗಾರರ ಬಾಯಲ್ಲಿ ಒಂದೇ ಮಾತು: ಹಳೆಯ ಅತ್ತಿ, ಬಸರಿ, ಹಲಸುಗಳನ್ನು ತೆಗೆದು ತೋಟಕ್ಕೆ ಬಿಸಿಲು ಬಿಡೋಣ, ಗಿಡಗಳನ್ನು ಒತ್ತೊತ್ತಾಗಿ ನೆಡೋಣ, ಮೆಣಸು ಹಬ್ಬಿಸಲು ಸಿಲ್ವರ್ ಓಕ್ ಸಾಕು. ಇದು ಲಾಭದ ಮಾತೇ? ಶ್ರಾವಕನಿಗೆ ಒಪ್ಪುವ ಮಾತೇ? ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ನೋಡೋಣ. ಮರವನ್ನು ಉಳಿಸುವುದರಿಂದ ಖರ್ಚೇ ಇಲ್ಲ, ಬರೀ ಪುಣ್ಯ ಎಂದು ಹೇಳುವ ಉಪದೇಶ ನನ್ನದಲ್ಲ. ಖರ್ಚಿದೆ.

ಮೊದಲು ತೋಟದ ಸ್ವರೂಪ. ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವ ಈ ಮಲೆನಾಡಿನಲ್ಲಿ ಕೇರಳದ ಕಾಫಿಯ ಬಹುಭಾಗ ಬೆಳೆಯುತ್ತದೆ, ಬಹುಪಾಲು ರೋಬಸ್ಟಾ. ವಯನಾಡ್ ರೋಬಸ್ಟಾಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಅಂಥವರ ತೋಟದಲ್ಲಿ ಕೆಳಗೆ ಕಾಫಿ, ಅದರ ನಡುವೆ ಅಡಿಕೆ, ಬಾಳೆ, ಶುಂಠಿ. ಮರಗಳಿಗೆ ಹಬ್ಬಿದ ಮೆಣಸು. ಮೇಲೆ ಹಲಸು, ಮಾವು, ಬೀಟೆ, ಹೊನ್ನೆ, ಅತ್ತಿ. ಮಲಯಾಳದಲ್ಲಿ ಬೀಟೆಗೆ ಈಟ್ಟಿ ಎಂದೂ ಹೊನ್ನೆಗೆ ವೇಂಗ ಎಂದೂ ಹೆಸರು. ನಮ್ಮ ಹಿರಿಯರು ಇದಕ್ಕೆ ಜೀವವೈವಿಧ್ಯ ಎಂಬ ದೊಡ್ಡ ಹೆಸರನ್ನು ಇಡಲಿಲ್ಲ. ಒಂದು ಹೋದರೆ ಇನ್ನೊಂದು ಇರಲಿ ಎಂದು ನೆಟ್ಟರು, ಇದ್ದುದನ್ನು ಉಳಿಸಿದರು.

ಇಲ್ಲಿ ನಮ್ಮ ಆಚಾರದ ಒಂದು ಅಂಶವನ್ನು ನೆನಪಿಸಬೇಕು. ಶ್ರಾವಕನ ಅಷ್ಟಮೂಲಗುಣಗಳೆಂದರೆ ಮದ್ಯ, ಮಾಂಸ, ಮಧುಗಳ ತ್ಯಾಗ ಮತ್ತು ಪಂಚ ಉದುಂಬರ ಫಲಗಳ ತ್ಯಾಗ ಎಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ. ಆಲ, ಅರಳಿ, ಅತ್ತಿ, ಬಸರಿ, ಕಾಡತ್ತಿ, ಈ ಜಾತಿಯ ಹಣ್ಣುಗಳೊಳಗೆ ತ್ರಸಜೀವಿಗಳಿರುವುದರಿಂದ ಅವು ವರ್ಜ್ಯ. ಇಂದಿನ ವಿಜ್ಞಾನವೂ ಇದನ್ನೇ ಹೇಳುತ್ತದೆ. ಅತ್ತಿಯ ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಅರಳುವ ಹೂಗೊಂಚಲು. ಅತಿ ಸಣ್ಣ ಕಣಜವೊಂದು ಒಳಹೊಕ್ಕು ಪರಾಗಸ್ಪರ್ಶ ಮಾಡಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಸಾಮಾನ್ಯವಾಗಿ ಆಲದ ಕಣಜ ಅತ್ತಿಗೆ ಹೋಗದು, ಅತ್ತಿಯದು ಅರಳಿಗೆ ಹೋಗದು. ಮರ ಹೋದರೆ ಅದನ್ನೇ ನಂಬಿದ ಜೀವಿಗೂ ಆ ತೋಟದಲ್ಲಿ ನೆಲೆ ಇಲ್ಲ.

ಹಣ್ಣಿನೊಳಗಿನ ಜೀವಿಗಳಿಗೆ ಹೆದರಿ ಹಣ್ಣನ್ನು ಬಿಟ್ಟ ನಾವು, ಅದೇ ಜೀವಿಗಳ ಮನೆಯಾದ ಮರವನ್ನೇ ಬುಡಸಹಿತ ಕಡಿಸಿದರೆ ವ್ರತದ ಅರ್ಥವೇನು? ಈ ಪ್ರಶ್ನೆಯನ್ನು ನಾನು ತ್ಯಾಗಿಗಳ ಮುಂದೆ ಇಟ್ಟಿಲ್ಲ; ಬೆಳೆಗಾರರ ಮುಂದೆ ಇಡುತ್ತಿದ್ದೇನೆ. ಅತ್ತಿ, ಬಸರಿ, ಗೋಣಿಮರಗಳು ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಕಾಡಿನಲ್ಲಿ ಬೇರೆ ಹಣ್ಣಿಲ್ಲದ ತಿಂಗಳುಗಳಲ್ಲಿಯೂ ಎಲ್ಲಾದರೂ ಒಂದು ಅತ್ತಿ ಹಣ್ಣು ತುಂಬಿ ನಿಂತಿರುತ್ತದೆ. ಮಂಗಟ್ಟೆ, ಕುಟುರ, ಹಸಿರು ಪಾರಿವಾಳ, ಬಾವಲಿಗಳೆಲ್ಲ ಅಲ್ಲಿ ಸೇರುತ್ತವೆ. ಇದೇ ಮರಗಳನ್ನು ಕಾಫಿಗೆ ಉತ್ತಮ ನೆರಳಿನ ಮರಗಳೆಂದು ಹಳೆಯ ತೋಟಗಾರರೂ ಕಾಫಿ ತಜ್ಞರೂ ಎಣಿಸುತ್ತ ಬಂದಿದ್ದಾರೆ. ಉದುರಿದ ಎಲೆ ಗೊಬ್ಬರವಾಗುತ್ತದೆ, ಕೊಂಬೆ ಕಡಿದರೆ ಮತ್ತೆ ಚಿಗುರುತ್ತದೆ.

ಮಧುವಿನ ವಿಚಾರವೂ ಹೀಗೆಯೇ. ಜೇನು ನಮಗೆ ವರ್ಜ್ಯ, ಆದರೆ ಜೇನ್ನೊಣ ನಮಗೆ ಬೇಕಾದ ಜೀವಿ. ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ರೋಬಸ್ಟಾ ಹಾಗಲ್ಲ. ಒಂದು ಗಿಡದ ಹೂವಿಗೆ ಇನ್ನೊಂದು ಗಿಡದ ಪರಾಗ ಬೇಕೇ ಬೇಕು. ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳುತ್ತದೆ. ಎರಡು ಮೂರು ದಿನಗಳಲ್ಲಿ ಎಲ್ಲವೂ ಮುಗಿಯುತ್ತದೆ. ವರ್ಷದ ಫಸಲು ಆ ಎರಡು ಮೂರು ದಿನಗಳಲ್ಲಿ ನಿರ್ಧಾರವಾಗುತ್ತದೆ. ಗಾಳಿಯೂ ಪರಾಗವನ್ನು ಒಯ್ಯುತ್ತದೆ, ನಿಜ. ಆದರೆ ನಮ್ಮ ನೆರೆಯ ಕೊಡಗಿನ ತೋಟಗಳಲ್ಲಿ ನಡೆದ ಸಂಶೋಧನೆಯಲ್ಲಿ ಹೆಜ್ಜೇನು ಬಂದ ಕಡೆ ಕಾಯಿಕಟ್ಟು ಹೆಚ್ಚೆಂದು ಕಂಡುಬಂದಿದೆ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಅದಕ್ಕೆ ತಟ್ಟಿ ಕಟ್ಟಲು ದಪ್ಪ ಕೊಂಬೆಯ ಎತ್ತರದ ಮರ ಬೇಕು, ಕಾಫಿ ಹೂವಿಲ್ಲದ ಹನ್ನೊಂದು ತಿಂಗಳು ಬೇರೆ ಹೂಗಳು ಬೇಕು. ನಾವು ಜೇನನ್ನು ತಿನ್ನುವವರಲ್ಲವಾದುದರಿಂದ ಹೆಜ್ಜೇನಿನ ತಟ್ಟಿಗೆ ಹೊಗೆ ಹಾಕಿಸಿ ಕೀಳಿಸುವ ಪ್ರಸಂಗವೇ ನಮ್ಮ ತೋಟಗಳಲ್ಲಿ ಬರಬಾರದು; ಗುತ್ತಿಗೆಗೆ ಕೊಡುವವರು ಇದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬಹುದು. ಹೂ ಅರಳಿದ ದಿನಗಳಲ್ಲಿ ತೋಟದಲ್ಲಿ ಯಾವ ಕೀಟನಾಶಕವನ್ನೂ ಸಿಂಪಡಿಸಕೂಡದು.

ಇನ್ನು ಸಿಲ್ವರ್ ಓಕ್. ಈ ಮರ ಆಸ್ಟ್ರೇಲಿಯಾ ಮೂಲದ್ದು. ಅದನ್ನು ನೆಟ್ಟವರನ್ನು ನಾನು ದೂರುವುದಿಲ್ಲ, ಏಕೆಂದರೆ ಕಾರಣಗಳು ಗಟ್ಟಿಯಾಗಿದ್ದವು. ಮೊದಲು ಮೆಣಸಿನ ಬಳ್ಳಿಗೆ ಆಸರೆಯಾಗಿದ್ದುದು ಹಾಲುವಾಣ, ಮಲಯಾಳದ ಮುರಿಕ್ಕು. ಗೂಟ ನೆಟ್ಟರೆ ಚಿಗುರುವ, ನೆಲಕ್ಕೆ ಸಾರಜನಕ ಕೊಡುವ ಮರ. 2005ರ ಸುಮಾರಿಗೆ ಹೊರದೇಶದಿಂದ ಬಂದ ಗಂಟುಕಣಜವೊಂದು ಅದರ ಚಿಗುರುಗಳಲ್ಲೆಲ್ಲ ಗಂಟುಗಳನ್ನು ಎಬ್ಬಿಸಿ, ಸಾಲುಸಾಲಾಗಿ ಮರಗಳನ್ನು ಒಣಗಿಸಿತು. ಮರದೊಡನೆ ಮೆಣಸೂ ನೆಲಕ್ಕೆ ಬಿತ್ತು. ಬೇಗ ನೆಟ್ಟಗೆ ಬೆಳೆಯುವ, ಮಾರಲು ತೊಡಕಿಲ್ಲದ ಸಿಲ್ವರ್ ಓಕ್ ಆಗ ಎಲ್ಲರ ಕೈಗೆ ಸಿಕ್ಕಿತು. ಬೀಟೆ, ತೇಗಗಳಿಗಾದರೆ ಪಟ್ಟೆಯ ಬಗೆಯನ್ನು ಅನುಸರಿಸಿ ಕಾನೂನಿನ ಕಟ್ಟುಗಳಿವೆ. ಕೆಲವು ಪಟ್ಟೆಗಳಲ್ಲಿ ಅಂಥ ಮರ ಸರ್ಕಾರದ ಸೊತ್ತೇ ಆಗಿದೆ. 2020ರ ಅಕ್ಟೋಬರಿನ ಸರ್ಕಾರಿ ಆದೇಶವೊಂದರ ಮರೆಯಲ್ಲಿ ಮುಟ್ಟಿಲ್‌ನಲ್ಲಿ ಬೀಟೆಮರಗಳನ್ನು ಕಡಿದ ಪ್ರಕರಣವು 2021ರಲ್ಲಿ ರಾಜ್ಯದಾದ್ಯಂತ ಸುದ್ದಿಯಾದುದನ್ನು ಓದುಗರು ಬಲ್ಲರು. ಊರಿನ ಮರವನ್ನು ಸಾಕಿದವನಿಗೆ ಕೈಗೆ ಬಾರದ ಬೆಲೆ, ಹೊರಗಿನ ಮರವನ್ನು ನೆಟ್ಟವನಿಗೆ ನಗದು. ಕಾನೂನಿನ ಉದ್ದೇಶ ಒಳ್ಳೆಯದೇ ಇರಬಹುದು, ಸಣ್ಣ ಬೆಳೆಗಾರನಿಗೆ ಅದು ಕಲಿಸಿದ ಪಾಠ ಮಾತ್ರ ಬೀಟೆಯ ಸಸಿಯನ್ನು ಎಳೆಯದರಲ್ಲೇ ಕಿತ್ತುಹಾಕು ಎಂಬುದು.

ಸಿಲ್ವರ್ ಓಕಿನ ಹೂವಿನಲ್ಲಿ ಮಕರಂದವಿದೆ, ಜೇನ್ನೊಣಗಳು ಬರುತ್ತವೆ. ಆದರೆ ಹಕ್ಕಿ ತಿನ್ನುವ ಹಣ್ಣಿಲ್ಲ, ಅದರ ಎಲೆ ಬೇಗ ಕೊಳೆಯುವುದಿಲ್ಲ, ಅದೊಂದೇ ಜಾತಿಯ ಮರಗಳ ತೋಟ ದೂರದಿಂದ ಹಸಿರಾಗಿ ಕಂಡರೂ ಒಳಗೆ ಬಡವಾಗಿರುತ್ತದೆ. ಹಸಿರೆಲ್ಲ ಕಾಡಲ್ಲ ಎಂಬುದಕ್ಕೆ ನಮ್ಮ ಪಕ್ಕದಲ್ಲಿಯೇ ಉದಾಹರಣೆಯಿದೆ. ನೆರಳಿಗೂ ಅಲಂಕಾರಕ್ಕೂ ಎಂದು ತಂದು ನೆಟ್ಟ ಮಞ್ಞಕ್ಕೊನ್ನ ಎಂಬ ಹಳದಿ ಹೂವಿನ ವಿದೇಶೀ ಮರ ಇಂದು ವಯನಾಡು ಅಭಯಾರಣ್ಯದೊಳಗೆ ಹಬ್ಬಿ, ಅದರ ಕೆಳಗೆ ಹುಲ್ಲೂ ಬೆಳೆಯದಂತಾಗಿದೆ. ಮೇವು ಕಡಮೆಯಾದರೆ ಜಿಂಕೆ, ಕಾಟಿ, ಆನೆಗಳು ಹೊರಗೆ ಬರುತ್ತವೆ. ಹೊರಗೆ ಇರುವುದು ನಮ್ಮ ತೋಟ.

ಈಗ ಲೆಕ್ಕಕ್ಕೆ ಬರೋಣ. ವ್ಯಾಪಾರಿಯಾಗಿ ನಾನು ಒಂದು ಮಾತನ್ನು ನೇರವಾಗಿ ಹೇಳಬೇಕು. ಅತ್ತಿಮರದ ಕೆಳಗೆ ಬೆಳೆದ ಉಂಡೆ ಕಾಫಿಗೂ ಸಿಲ್ವರ್ ಓಕಿನ ಕೆಳಗೆ ಬೆಳೆದ ಉಂಡೆ ಕಾಫಿಗೂ ನಾನು ಕೊಡುವುದು ಒಂದೇ ದರ. ತೇವಾಂಶ ನೋಡುತ್ತೇನೆ, ಔಟ್‌ಟರ್ನ್ ನೋಡುತ್ತೇನೆ. ಮೆಣಸಾದರೆ ಲೀಟರ್ ತೂಕ ನೋಡುತ್ತೇನೆ. ತೋಟದಲ್ಲಿ ಎಷ್ಟು ಹಕ್ಕಿಗಳಿವೆಯೆಂದು ಕೇಳುವ ಗಿರಾಕಿ ನನಗೂ ಇಲ್ಲ. ಆದುದರಿಂದ ಮರ ಉಳಿಸಿದವನ ಲಾಭ ದರದಲ್ಲಿ ಕಾಣದು. ಅದು ಕಾಣುವುದು ಕೆಟ್ಟ ವರ್ಷದಲ್ಲಿ.

ಕೆಟ್ಟ ವರ್ಷವೆಂದರೇನೆಂದು ಇಂದಿನ ಯುವಕರಿಗೆ ಗೊತ್ತಿಲ್ಲ. 1999ರ ಸುಮಾರಿಗೆ ಕಿಲೋಗೆ 200 ರೂಪಾಯಿ ದಾಟಿದ್ದ ಮೆಣಸು ಮೂರು ನಾಲ್ಕು ವರ್ಷಗಳಲ್ಲಿ 80ರ ಆಸುಪಾಸಿಗೆ ಇಳಿಯಿತು. 2024ರಲ್ಲಿ 5000 ಡಾಲರು ಕಂಡ ರೋಬಸ್ಟಾ 2001ರ ಕೊನೆಗೆ 500 ಡಾಲರಿಗಿಂತಲೂ ಕೆಳಗಿತ್ತು. ವಿಯೆಟ್ನಾಮಿನ ಬೆಳೆ ಲೋಕದ ಪೇಟೆಯನ್ನು ತುಂಬಿತ್ತು. ಅದೇ ಹೊತ್ತಿಗೆ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ ಕಡೆ ಬರ, ಬಳ್ಳಿಗೆ ದ್ರುತವಾಟ್ಟಂ ಎಂಬ ಕೊಳೆರೋಗ. ಸಾಲದ ಹೊರೆ ತಾಳಲಾರದೆ ಬೆಳೆಗಾರರು ಪ್ರಾಣ ಕಳೆದುಕೊಂಡ ಜಿಲ್ಲೆಗಳ ಸಾಲಿಗೆ ವಯನಾಡೂ ಸೇರಿತು. 2006ರ ಪ್ರಧಾನಮಂತ್ರಿ ಪರಿಹಾರ ಯೋಜನೆಯ 31 ಜಿಲ್ಲೆಗಳಲ್ಲಿ ನಮ್ಮದೂ ಒಂದಾಗಿತ್ತು. ಆ ವರ್ಷಗಳ ನನ್ನ ಅಂಗಡಿಯ ಪುಸ್ತಕಗಳನ್ನು ತೆರೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮುಂಗಡದ ಬಾಕಿ ಬೆಳೆಯುತ್ತ ಹೋದುದು ಒಂದೇ ಬೆಳೆಯನ್ನು ನಂಬಿದ ಮನೆಗಳ ಖಾತೆಯಲ್ಲಿ. ಕಾಫಿಯ ಜೊತೆಗೆ ಅಡಿಕೆ, ತೆಂಗು, ಹಸುವಿನ ಹಾಲು, ಮನೆಯಂಗಳದ ತರಕಾರಿ ಇದ್ದವರ ಖಾತೆ ಕುಂಟುತ್ತಲಾದರೂ ನಡೆಯಿತು.

ಇದನ್ನು ತಿಳಿಯಲು ಒಂದು ಕಲ್ಪಿತ ಲೆಕ್ಕ ಮಾಡೋಣ. ಅಕ್ಕಪಕ್ಕದ ಎರಡು ತೋಟಗಳು, ಸಮಾನ ವಿಸ್ತೀರ್ಣ. ಬಿಸಿಲು ಬಿಟ್ಟು ಕಾಫಿಯನ್ನೇ ತುಂಬಿದ ತೋಟ ಒಳ್ಳೆಯ ವರ್ಷ 100 ಭಾಗ ಆದಾಯ ತರುತ್ತದೆ, ಕೆಟ್ಟ ವರ್ಷ 25. ಮಿಶ್ರ ತೋಟ ಒಳ್ಳೆಯ ವರ್ಷ 80 ತರುತ್ತದೆ, ಕೆಟ್ಟ ವರ್ಷ 55. ಹತ್ತು ವರ್ಷಗಳಲ್ಲಿ ಆರು ಒಳ್ಳೆಯವು, ನಾಲ್ಕು ಕೆಟ್ಟವು ಎಂದಿಟ್ಟುಕೊಂಡರೆ ಮೊದಲನೆಯದರ ಮೊತ್ತ 600 ಮತ್ತು 100, ಒಟ್ಟು 700. ಎರಡನೆಯದು 480 ಮತ್ತು 220, ಒಟ್ಟು ಅದೂ 700. ಸಮವಾಯಿತಲ್ಲ, ಹಾಗಾದರೆ ಭೇದವೇನು? ಮನೆಖರ್ಚು ವರ್ಷಕ್ಕೆ 50 ಎನ್ನಿ. ಮಿಶ್ರ ತೋಟದವನು ಕೆಟ್ಟ ವರ್ಷದಲ್ಲಿಯೂ ಸಾಲಕ್ಕೆ ಹೋಗುವುದಿಲ್ಲ. ಇನ್ನೊಬ್ಬನು ನಾಲ್ಕು ಸಲ 25ರಂತೆ ಸಾಲ ಮಾಡಬೇಕು, ಬಡ್ಡಿ ಬೇರೆ. ಒಳ್ಳೆಯ ವರ್ಷದ ಉಳಿತಾಯ ಇರುತ್ತದಲ್ಲವೇ ಎಂದು ಕೇಳುವಿರಿ. ಇರಬೇಕು. ಆದರೆ ಒಳ್ಳೆಯ ವರ್ಷದಲ್ಲಿ ನಾವು ಮಾಳಿಗೆ ಎತ್ತಿಸುತ್ತೇವೆ, ಕಾರು ಕೊಳ್ಳುತ್ತೇವೆ, ಮದುವೆಗೆ ಎರಡು ಸಾವಿರ ಜನರನ್ನು ಕರೆಯುತ್ತೇವೆ. ಕೆಟ್ಟ ವರ್ಷಗಳು ಸರದಿ ನೋಡಿ ಬಿಡಿಬಿಡಿಯಾಗಿಯೂ ಬರುವುದಿಲ್ಲ.

ನೆರಳು ಹೆಚ್ಚಾದಷ್ಟೂ ಒಳ್ಳೆಯದು ಎಂದು ಯಾರೂ ತಿಳಿಯಬಾರದು. ಅರೇಬಿಕಾಗಿಂತ ರೋಬಸ್ಟಾಗೆ ತೆಳುವಾದ ನೆರಳು ಸಾಕು. ದಟ್ಟ ನೆರಳಿನಲ್ಲಿ ಕಾಯಿಕೊರಕ ಹೆಚ್ಚುತ್ತದೆ. ಭಾರತದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನಮ್ಮ ಗಡಿಯಾಚೆಯ ಗೂಡಲೂರಿನಲ್ಲಿ. ಮಳೆಗಾಲದಲ್ಲಿ ತೋಟದೊಳಗೆ ಗಾಳಿಯಾಡದಿದ್ದರೆ ಮೆಣಸಿಗೆ ಕೊಳೆರೋಗ ತಪ್ಪದು. ಆದುದರಿಂದ ಮುಂಗಾರಿಗೆ ಮೊದಲು ಕೊಂಬೆ ಕಡಿಯಬೇಕು, ಚರಂಡಿ ಬಿಡಿಸಬೇಕು, ಕೊಯ್ಲಿನ ನಂತರ ನೆಲಕ್ಕುದುರಿದ ಕಾಯಿಗಳನ್ನು ಆರಿಸಿ ತೆಗೆಯಬೇಕು. ಕೊಂಬೆ ಕಡಿಯುವುದು ಬೇರೆ, ಮರ ಕಡಿಯುವುದು ಬೇರೆ. ಮರ ಹತ್ತಿ ಕೊಂಬೆ ಕಡಿಯಬಲ್ಲ ಆಳು ಸಿಗುವುದು ದುರ್ಲಭ, ಸಿಕ್ಕರೂ ಕೂಲಿ ಹೆಚ್ಚು. ಅನೇಕರು ಇಡೀ ಮರವನ್ನೇ ಮಾರಿಬಿಡುವುದಕ್ಕೆ ದುರಾಸೆಗಿಂತ ಇದೇ ಮುಖ್ಯ ಕಾರಣ. ನಾಲ್ಕಾರು ಮನೆಗಳು ಸೇರಿ ಒಂದೇ ವಾರದಲ್ಲಿ ಕೆಲಸ ಗೊತ್ತುಮಾಡಿದರೆ ಖರ್ಚು ಸ್ವಲ್ಪ ತಗ್ಗುತ್ತದೆ.

ಮೆಣಸಿನ ತಳಿಯಲ್ಲಿಯೂ ಇದೇ ವಿವೇಕ ಬೇಕು. 1971ರಲ್ಲಿ ಹೊರಬಂದ ಪನ್ನಿಯೂರ್–1 ಬಿಸಿಲಿನಲ್ಲಿ ಹೇರಳ ಕೊಡುತ್ತದೆ, ನೆರಳಿನಲ್ಲಿ ಸೊರಗುತ್ತದೆ. ಕರಿಮುಂಡ ನೆರಳನ್ನು ತಾಳುತ್ತದೆ. ಐಂಪಿರಿಯನ್ ನಮ್ಮ ಎತ್ತರದ ಹವೆಗೆ ಒಗ್ಗಿದ್ದು, ತಡವಾಗಿ ಹಣ್ಣಾಗುತ್ತದೆ. ನೆರಳಿನ ತೋಟದಲ್ಲಿ ಪನ್ನಿಯೂರನ್ನು ನೆಟ್ಟು, ಫಸಲು ಬರಲಿಲ್ಲವೆಂದು ಮರದ ಮೇಲೆ ದೋಷ ಹೊರಿಸುವವರನ್ನು ಕಂಡಿದ್ದೇನೆ.

ಕಾಡುಪ್ರಾಣಿಗಳ ಮಾತನ್ನು ಬಿಟ್ಟರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಜೀವವೈವಿಧ್ಯವೆಂದರೆ ಹಕ್ಕಿ, ಜೇನ್ನೊಣ ಮಾತ್ರವಲ್ಲ. ಹಂದಿ, ಕೋತಿ, ಆನೆ, ಹುಲಿಗಳೂ ಹೌದು. ಒಂದು ರಾತ್ರಿಯಲ್ಲಿ ಬಾಳೆತೋಟ ಕಳೆದುಕೊಂಡ ಮನೆಗೆ ಅಹಿಂಸೆಯ ಉಪನ್ಯಾಸ ಮಾಡುವುದು ಸುಲಭ. 2022ರಲ್ಲಿ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸರ್ಕಾರವು ಪಂಚಾಯಿತಿ ಅಧ್ಯಕ್ಷರಿಗೆ ನೀಡಿತು. ನಮ್ಮ ಕುಟುಂಬಗಳು ಅದಕ್ಕೆ ಅರ್ಜಿ ಹಾಕುವುದಿಲ್ಲ ಎಂಬುದು ಸಂತೋಷ, ಆದರೆ ಪಕ್ಕದ ತೋಟದವನಿಂದ ಕೊಲ್ಲಿಸಿ ನಾವು ಸುಮ್ಮನಿರುವುದೂ ಅನುಮೋದನೆಯೇ ಆಗುತ್ತದೆ. ಅನುಮೋದನೆಗೂ ಬಂಧವುಂಟೆಂದು ಆಗಮ ಹೇಳುತ್ತದೆ. ಬೇಲಿ ಇರಲಿ, ಉರುಳು ಬೇಡ. ಮನೆಯ ಕರೆಂಟನ್ನು ತಂತಿಗೆ ಹರಿಸುವುದಂತೂ ಬೇಡವೇ ಬೇಡ, ಅದರಿಂದ ಮನುಷ್ಯರೂ ಸತ್ತಿದ್ದಾರೆ. ಆನೆ ಬರುವುದು ಹೆಚ್ಚಾಗಿ ಹಲಸು ಹಣ್ಣಾಗುವ ಕಾಲಕ್ಕೆ. ಅದಕ್ಕೆಂದು ಹಲಸನ್ನೇ ಕಡಿಯುವವರಿದ್ದಾರೆ. ಎಳೆಯ ಕಾಯಿಯಲ್ಲಿಯೇ ಇಳಿಸಿ ಮಾರಿದರೆ ಮರವೂ ಉಳಿಯುತ್ತದೆ, ನಾಲ್ಕು ಕಾಸೂ ಬರುತ್ತದೆ. 2018ರಲ್ಲಿ ಹಲಸು ಕೇರಳದ ರಾಜ್ಯಫಲವಾದ ಮೇಲೆ ಗುಜ್ಜೆಗೆ ಬೇಡಿಕೆಯೂ ಇದೆ.

ವಯಲುಗಳ ಬಗ್ಗೆ ಎರಡೇ ಮಾತು. ವಯನಾಡೆಂದರೆ ವಯಲುಗಳ ನಾಡೆಂದೇ ಹಲವರು ಅರ್ಥ ಹೇಳುತ್ತಾರೆ. ಗದ್ದೆಗಳಲ್ಲಿ ನೇಂದ್ರಬಾಳೆ, ಅಡಿಕೆ ಹಾಕಿದ ಮೇಲೆ ನೀರು ನಿಲ್ಲುವ ಜಾಗ ಕಡಮೆಯಾಗಿ, ಬೇಸಿಗೆಯಲ್ಲಿ ಬಾವಿಗಳು ತಳ ಕಾಣುತ್ತಿವೆ. ಗಂಧಕಸಾಲೆ, ಜೀರಕಸಾಲೆ ಅಕ್ಕಿಗಳಿಗೆ 2010ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ಮಾನಂದವಾಡಿ ಬಳಿಯ ಕಮ್ಮನದ ಕುರಿಚ್ಯ ಕೃಷಿಕ ಚೆರುವಯಲ್ ರಾಮನ್ ಐವತ್ತಕ್ಕೂ ಹೆಚ್ಚು ನಾಡ ಭತ್ತದ ತಳಿಗಳನ್ನು ಉಳಿಸಿ 2023ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಬಂದರೂ ಭತ್ತದ ಬೇಸಾಯ ನಷ್ಟದ್ದೇ. ಅರ್ಧ ಎಕರೆಯನ್ನಾದರೂ ಮನೆಯ ಅಕ್ಕಿಗೆಂದು ಉಳಿಸಿಕೊಂಡವರ ಬಾವಿಯಲ್ಲಿ ನೀರಿದೆ, ಅದರ ಬೆಲೆಯನ್ನು ಅವರು ಭತ್ತದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಹಾಗಾದರೆ ಮರ ಸಾಕಿದ್ದಕ್ಕೆ ಹಣ ಕೊಡುವವರಾರು? ಮೀನಂಗಾಡಿ ಪಂಚಾಯಿತಿಯು 2016ರಲ್ಲಿ ಆರಂಭಿಸಿದ ಕಾರ್ಬನ್ ಸಮತೋಲ ಯೋಜನೆಯ ಅಂಗವಾಗಿ ಮರಗಳ ಮೇಲೆ ಸಾಲ ಕೊಡುವ ಏರ್ಪಾಡು ಬಂದಿತು. ನೆಟ್ಟು ಸಾಕಿದ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿ, ಬಡ್ಡಿಯಿಲ್ಲ. ಮರ ಕಡಿದರೆ ಮಾತ್ರ ಹಿಂದಿರುಗಿಸಬೇಕು. ಮೊತ್ತ ಅಲ್ಪ, ಒಂದು ಕಿಲೋ ಮೆಣಸಿನ ಬೆಲೆಗೂ ಸಮವಲ್ಲ. ಆದರೆ ನಿಂತ ಮರಕ್ಕೆ ಬೆಲೆಯುಂಟೆಂದು ಒಪ್ಪಿಕೊಂಡದ್ದು ಹೊಸದು. ಮಾನಂದವಾಡಿಯ ವಯನಾಡ್ ಸೋಷಿಯಲ್ ಸರ್ವೀಸ್ ಸೊಸೈಟಿಯಂಥ ಸಂಸ್ಥೆಗಳು ಸಾವಯವ ಬೆಳೆಗಾರರನ್ನು ಗುಂಪುಕಟ್ಟಿ ಪ್ರಮಾಣಪತ್ರ ಕೊಡಿಸಿ ಮಾರುತ್ತ ಬಂದಿವೆ. ಒಬ್ಬೊಬ್ಬರಾಗಿ ಪ್ರಮಾಣಪತ್ರದ ಖರ್ಚನ್ನು ಹೊರಲಾಗದು. ಯುರೋಪಿನ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ನಿಯಮದಂತೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಅಲ್ಲಿ ಮಾರುವಂತಿಲ್ಲ. ಜಾರಿಯ ದಿನವನ್ನು ಮುಂದೂಡುತ್ತ ಬಂದಿದ್ದರೂ ತೋಟದ ನಕ್ಷೆ, ಪಟ್ಟೆಯ ದಾಖಲೆಗಳನ್ನು ಇಂದೇ ಸರಿಮಾಡಿಟ್ಟುಕೊಳ್ಳುವುದು ಜಾಣತನ. ದೂರದ ಊರಿನಲ್ಲಿರುವ ಪಾಲುದಾರರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ, ಏಕೆಂದರೆ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಪಟ್ಟೆಗಳು ನಮ್ಮಲ್ಲಿ ಬಹಳ.

ಭಗವಾನ್ ಆದಿನಾಥರು ಉಪದೇಶಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ವಾಣಿಜ್ಯವೂ ಇವೆಯೆಂದು ಜಿನಸೇನಾಚಾರ್ಯರ ಆದಿಪುರಾಣದಿಂದ ತಿಳಿಯುತ್ತದೆ. ಕೃಷಿಯಲ್ಲಿ ಆಗುವ ಉದ್ಯೋಗೀ ಹಿಂಸೆಯನ್ನು ಗೃಹಸ್ಥನು ಪೂರ್ಣ ಬಿಡಲಾರ, ಕಡಮೆ ಮಾಡಬಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ಬಿಡಬೇಕಾದ ಹದಿನೈದು ಖರಕರ್ಮಗಳನ್ನು ಎಣಿಸುವಾಗ ಮರ ಕಡಿದು ಮಾರಿ ಬದುಕುವ ವನಜೀವಿಕೆಯನ್ನೂ ಸೇರಿಸಿದ್ದಾರೆ. ಪರಿಗ್ರಹ ಪರಿಮಾಣ ವ್ರತವನ್ನು ನಾವು ಚಿನ್ನಕ್ಕೂ ಹೊಲಕ್ಕೂ ಹೇಳಿಕೊಳ್ಳುತ್ತೇವೆ. ಎಕರೆಗೆ ಇಷ್ಟು ಮೂಟೆ ಸಾಕು ಎಂದು ಯಾರೂ ಹೇಳಿಕೊಂಡುದನ್ನು ನಾನು ಕೇಳಿಲ್ಲ. ಒಳ್ಳೆಯ ದರವಿರುವ ವರ್ಷಗಳಲ್ಲಿಯೇ ಅದನ್ನು ಹೇಳಿಕೊಳ್ಳಲು ಸಾಧ್ಯ. ದರ ಬಿದ್ದಾಗ ಸಾಧ್ಯವಿಲ್ಲ.

ಹೊಸದಾಗಿ ನೆಡುವವರಿಗೆ ಕೊನೆಯದಾಗಿ ಒಂದು ಸೂಚನೆ. ಅತ್ತಿ, ಬಸರಿ, ಗೋಣಿಗಳನ್ನು ಬೀಜದಿಂದ ಎಬ್ಬಿಸಬೇಕಾಗಿಲ್ಲ. ಆಳೆತ್ತರದ ಬಲಿತ ಕೊಂಬೆಯನ್ನು ಮುಂಗಾರಿನ ಮೊದಲ ಮಳೆಗೆ ಗೂಟವಾಗಿ ನೆಟ್ಟರೆ ಚಿಗುರುತ್ತದೆ. ತುದಿಗೆ ಸಗಣಿ ಮೆತ್ತಿದರೆ ಒಣಗುವುದಿಲ್ಲ. ಗಂಟುಕಣಜದಿಂದ ಪಾರಾಗಿ ಉಳಿದ ಹಾಲುವಾಣವಿದ್ದರೆ ಅದರ ಗೂಟವನ್ನೂ ಹೀಗೆಯೇ ನೆಡಬಹುದು. ಹೀಗೆ ನೆಟ್ಟ ಅತ್ತಿ ನೆರಳು ಕೊಡಲು ಆರೇಳು ವರ್ಷವಾದರೂ ಬೇಕಾದುದರಿಂದ ಅಲ್ಲಿಯವರೆಗೆ ಇರುವ ಸಿಲ್ವರ್ ಓಕುಗಳನ್ನು ಕಡಿಯುವ ಆತುರ ಬೇಡ. ಬಾವಿ, ಕೆರೆಯ ಕಟ್ಟೆ, ಮನೆಯ ಅಡಿಪಾಯಗಳಿಂದ ಮಾತ್ರ ದೂರವಿರಲಿ, ಅತ್ತಿಯ ಬೇರು ನೀರಿದ್ದ ಕಡೆಗೆ ಬಲವಾಗಿ ಹರಿಯುತ್ತದೆ.